ಕರೆನ್ಸಿ ಹಾಕಿಸುವ ಮುನ್ನ: ತಪ್ಪು ಕಲ್ಪನೆ ಮತ್ತು ವಾಸ್ತವ

ಕಡೂರಿನ ಮೊಬೈಲ್ ಅಂಗಡಿಯಲ್ಲಿ ನಿಂತರೂ ತರೀಕೆರೆಯಲ್ಲಿ ನಿಂತರೂ ಅಜ್ಜಂಪುರದಲ್ಲಿ ನಿಂತರೂ ಕಿವಿಗೆ ಬೀಳುವ ದೂರು ಒಂದೇ. ಟವರ್ ಸಿಗುವುದಿಲ್ಲ, ಕರೆನ್ಸಿ ಮಾತ್ರ ತಿಂಗಳು ತುಂಬುವ ಮೊದಲೇ ಮುಗಿಯುತ್ತದೆ. 2024ರ ಜುಲೈನಲ್ಲಿ ಖಾಸಗಿ ಕಂಪನಿಗಳು ಒಂದರ ಹಿಂದೆ ಒಂದು ದರ ಏರಿಸಿದ ಮೇಲಂತೂ ಈ ಬೇಸರ ಇಮ್ಮಡಿಯಾಗಿದೆ. ಆದರೂ ಹೆಚ್ಚಿನವರು ಅದೇ ಕಂಪನಿಗೆ ಅದೇ ಪ್ಲಾನ್ ಹಾಕಿಸುತ್ತಲೇ ಇದ್ದಾರೆ. ಅವರನ್ನು ತಡೆದಿರುವುದು ಯಾವ ಕಾನೂನೂ ಅಲ್ಲ, ಅವರಿವರಿಂದ ಕೇಳಿದ ಮಾತು. ಆ ಮಾತುಗಳನ್ನು ನಾವೂ ನಂಬಿದ್ದೆವು. ಒಂದೊಂದಾಗಿ ನೋಡೋಣ.

ತಪ್ಪು ಕಲ್ಪನೆ 1: ಕಂಪನಿ ಬದಲಿಸಿದರೆ ಹಳೆಯ ನಂಬರ್ ಕೈತಪ್ಪುತ್ತದೆ. ಬ್ಯಾಂಕು, ಆಧಾರ್, ಗ್ಯಾಸ್ ಎಲ್ಲದಕ್ಕೂ ಮತ್ತೆ ಅಲೆಯಬೇಕು.

ವಾಸ್ತವ: ನಂಬರ್ ಉಳಿಸಿಕೊಂಡೇ ಕಂಪನಿ ಬದಲಿಸುವ ಹಕ್ಕು ದೇಶಕ್ಕೆಲ್ಲ ಬಂದದ್ದು 2011ರ ಜನವರಿ 20ರಂದು. 2015ರ ಜುಲೈನಿಂದ ಬೇರೆ ರಾಜ್ಯಕ್ಕೆ ಹೋದವರೂ ಅದೇ ನಂಬರ್ ಇಟ್ಟುಕೊಳ್ಳಬಹುದು. ಕ್ರಮ ಕಷ್ಟದ್ದಲ್ಲ. ಇಂಗ್ಲಿಷಿನಲ್ಲಿ ಪೋರ್ಟ್ ಎಂದು ಬರೆದು, ಜಾಗ ಬಿಟ್ಟು, ನಿಮ್ಮ ನಂಬರ್ ಸೇರಿಸಿ 1900ಕ್ಕೆ ಮೆಸೇಜ್ ಕಳಿಸಿ. ಎಂಟು ಅಕ್ಷರದ ಒಂದು ಕೋಡ್ ಬರುತ್ತದೆ. ಅದು ನಾಲ್ಕು ದಿನ ನಡೆಯುತ್ತದೆ. ಅಷ್ಟರೊಳಗೆ ಗುರುತಿನ ಚೀಟಿಯೊಂದಿಗೆ ಹೊಸ ಕಂಪನಿಯ ಅಂಗಡಿಗೆ ಹೋದರೆ, ರಾಜ್ಯದೊಳಗಿನ ಬದಲಾವಣೆ ಮೂರು ಕೆಲಸದ ದಿನಗಳಲ್ಲಿ ಮುಗಿಯಬೇಕು. ಇದು 2019ರ ಡಿಸೆಂಬರ್‌ನಿಂದ ಜಾರಿಯಲ್ಲಿರುವ ನಿಯಮ. ನಂಬರ್ ಅದೇ ಇರುವುದರಿಂದ ಬ್ಯಾಂಕಿಗೂ ಆಧಾರ್‌ಗೂ ಏನನ್ನೂ ತಿಳಿಸಬೇಕಾಗಿಲ್ಲ.

ಕೆಲವು ಷರತ್ತುಗಳಿವೆ. ಈಗಿನ ಕಂಪನಿಯಲ್ಲಿ 90 ದಿನ ಆಗಿರಬೇಕು. ಪೋಸ್ಟ್‌ಪೇಯ್ಡ್ ಆದರೆ ಬಾಕಿ ತೀರಿರಬೇಕು. ಸಿಮ್ ಕಳೆದು ಹೊಸದು ಪಡೆದಿದ್ದರೆ ಏಳು ದಿನ ಕೋಡ್ ಸಿಗುವುದಿಲ್ಲ. ಕಳ್ಳರು ನಿಮ್ಮ ನಂಬರ್ ಕದಿಯದಿರಲೆಂದು 2024ರ ಜುಲೈನಲ್ಲಿ ತಂದ ತಡೆ ಇದು. ಹಳೆಯ ಪ್ಲಾನಿನಲ್ಲಿ ಉಳಿದ ದಿನಗಳು ಹೊಸ ಕಂಪನಿಗೆ ಬರುವುದಿಲ್ಲ. ಹಾಗಾಗಿ ಪ್ಲಾನ್ ಮುಗಿಯುವ ಹೊತ್ತಿಗೆ ಪೋರ್ಟ್ ಮಾಡಿಸುವುದು ಲಾಭ.

ತಪ್ಪು ಕಲ್ಪನೆ 2: ಪೇಟೆಯಲ್ಲಿ ಚೆನ್ನಾಗಿ ಸಿಗುವ ಕಂಪನಿ ತೋಟದಲ್ಲೂ ಸಿಗುತ್ತದೆ. ಕಡ್ಡಿ ತುಂಬಿದ್ದರೆ ಇಂಟರ್ನೆಟ್ ಓಡುತ್ತದೆ.

ವಾಸ್ತವ: ನಮ್ಮ ಮೂರು ತಾಲ್ಲೂಕುಗಳ ನೆಲ ಒಂದೇ ತರಹದ್ದಲ್ಲ. ಕಡೂರಿನ ಬಯಲಿನಲ್ಲಿ, ಅಜ್ಜಂಪುರದ ಈರುಳ್ಳಿ ಹೊಲಗಳಲ್ಲಿ ಸಿಗ್ನಲ್ಲಿಗೆ ಅಡ್ಡ ಬರುವುದು ಕಡಿಮೆ. ತರೀಕೆರೆ ದಾಟಿ ಕಲ್ಲತ್ತಿಗಿರಿ, ಕೆಮ್ಮಣ್ಣುಗುಂಡಿಯ ಕಡೆ ತಿರುಗಿದರೆ ಗುಡ್ಡವೇ ಗೋಡೆ. ಲಕ್ಕವಳ್ಳಿಯ ಆಚೆ ಭದ್ರಾ ಕಾಡು. ಮಳೆಗೆ ನೆನೆದ ಒತ್ತಾದ ಅಡಿಕೆ ತೋಟವೂ ಸಿಗ್ನಲ್ಲನ್ನು ಹೀರುತ್ತದೆ. ಕಡಿಮೆ ಆವರ್ತನದ ತರಂಗ ಹೆಚ್ಚು ದೂರ ಹೋಗುತ್ತದೆ. ಬಿಎಸ್‌ಎನ್‌ಎಲ್ 4ಜಿಗೆ ಬಳಸುವ 700 ಮೆಗಾಹರ್ಟ್ಸ್ ಅಂಥದ್ದು. ಆದರೆ ಹಳೆಯ ಫೋನು ಆ ಆವರ್ತನವನ್ನು ಹಿಡಿಯದಿದ್ದರೆ ಟವರ್ ಪಕ್ಕದಲ್ಲೇ ಇದ್ದರೂ ಪ್ರಯೋಜನವಿಲ್ಲ.

ಇನ್ನು ಕಡ್ಡಿಗಳ ವಿಷಯ. ಅವು ಸಿಗ್ನಲ್ ಎಷ್ಟು ಗಟ್ಟಿ ಎಂದಷ್ಟೇ ಹೇಳುತ್ತವೆ, ಎಷ್ಟು ಜನ ಅದನ್ನು ಹಂಚಿಕೊಳ್ಳುತ್ತಿದ್ದಾರೆ ಎಂದು ಹೇಳುವುದಿಲ್ಲ. ಅಂತರಘಟ್ಟೆ ಜಾತ್ರೆಯಂಥ ಜನಸಾಗರದ ನಡುವೆ ಕಡ್ಡಿ ತುಂಬಿದ್ದರೂ ಒಂದು ಫೋಟೊ ಹೋಗದಿದ್ದರೆ ಕಾರಣ ಇದು.

ಕಂಪನಿಗಳು ತಮ್ಮ ಸಿಗ್ನಲ್ ಎಲ್ಲೆಲ್ಲಿದೆ ಎಂಬ ನಕ್ಷೆಯನ್ನು ವೆಬ್‌ಸೈಟಿನಲ್ಲಿ ತೋರಿಸಲೇಬೇಕು ಎಂದು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್ 2024ರಲ್ಲಿ ನಿಯಮ ಮಾಡಿದೆ. ಅದನ್ನು ನೋಡಿ. ಅದಕ್ಕಿಂತ ನಂಬಬಹುದಾದದ್ದು ಅಕ್ಕಪಕ್ಕದವರ ಫೋನು. ಬೇರೆ ಬೇರೆ ಕಂಪನಿಯ ಸಿಮ್ ಇರುವವರನ್ನು ಕರೆದು, ಪಂಪ್‌ಸೆಟ್ ಮನೆಯಲ್ಲಿ, ಮಕ್ಕಳು ಓದುವ ಕೋಣೆಯಲ್ಲಿ, ರಾತ್ರಿ ಎಂಟರ ಹೊತ್ತಿಗೆ ಕರೆ ಮಾಡಿಸಿ ನೋಡಿ.

ತಪ್ಪು ಕಲ್ಪನೆ 3: ಒಂದು ರೀಚಾರ್ಜ್ ಎಂದರೆ ಒಂದು ತಿಂಗಳು.

ವಾಸ್ತವ: 28 ದಿನ ತಿಂಗಳಲ್ಲ. ವರ್ಷಕ್ಕೆ 12ರ ಬದಲು 13 ಸಲ ಹಾಕಿಸಬೇಕು. 300 ರೂಪಾಯಿಯ ಪ್ಲಾನ್ ಎಂದುಕೊಂಡರೆ 3,600ರ ಬದಲು 3,900 ಹೋಗುತ್ತದೆ. ಪ್ರತಿ ಕಂಪನಿಯೂ 30 ದಿನದ ಪ್ಲಾನನ್ನೂ, ಪ್ರತಿ ತಿಂಗಳು ಅದೇ ತಾರೀಖಿಗೆ ನವೀಕರಿಸುವ ಪ್ಲಾನನ್ನೂ ಕೊಡಬೇಕೆಂದು 2022ರಲ್ಲಿ ಟ್ರಾಯ್ ಆದೇಶಿಸಿತು. ನಾವು ಕೇಳುವುದಿಲ್ಲ, ಅಷ್ಟೇ. ಯಾವ ಪ್ಲಾನನ್ನಾದರೂ ದಿನದ ಲೆಕ್ಕಕ್ಕೆ ಇಳಿಸಿ ಹೋಲಿಸಿ. ಬೆಲೆಯನ್ನು ದಿನಗಳಿಂದ ಭಾಗಿಸಿದರೆ ಸಾಕು.

ತಪ್ಪು ಕಲ್ಪನೆ 4: ಕೀಪ್ಯಾಡ್ ಫೋನಿನ ಅಜ್ಜಿಗೂ ಡೇಟಾ ಸಮೇತ ಪ್ಲಾನೇ ಗತಿ.

ವಾಸ್ತವ: ಒಂದು ಕಾಲಕ್ಕೆ ಇದು ಹೆಚ್ಚುಕಡಿಮೆ ನಿಜವಾಗಿತ್ತು. 2024ರ ಡಿಸೆಂಬರ್‌ನಲ್ಲಿ ಟ್ರಾಯ್, ಬರೀ ಕರೆ ಮತ್ತು ಮೆಸೇಜ್ ಇರುವ ಪ್ಲಾನ್ ಕಡ್ಡಾಯ ಮಾಡಿತು. ಇಂಥ ಪ್ಲಾನಿನ ಗರಿಷ್ಠ ಅವಧಿಯನ್ನು 90ರಿಂದ 365 ದಿನಕ್ಕೆ ಏರಿಸಿತು. ಮುಂದಿನ ತಿಂಗಳೇ ಕಂಪನಿಗಳು ಇವನ್ನು ತಂದವು. ಅಂಗಡಿಯಲ್ಲಿ ಹೆಸರಿಟ್ಟು ಕೇಳಿ: ಡೇಟಾ ಬೇಡ, ಕರೆ ಮಾತ್ರ.

ತಪ್ಪು ಕಲ್ಪನೆ 5: ಕರೆನ್ಸಿ ಮುಗಿದ ಮರುದಿನವೇ ನಂಬರ್ ಬೇರೆಯವರ ಪಾಲಾಗುತ್ತದೆ.

ವಾಸ್ತವ: ಕರೆ ನಿಲ್ಲುವುದು ಬೇರೆ, ನಂಬರ್ ಹೋಗುವುದು ಬೇರೆ. ಬಳಕೆಯಿಲ್ಲದೆ 90 ದಿನ ಕಳೆಯುವವರೆಗೆ ಆ ಕಾರಣಕ್ಕೆ ನಂಬರ್ ರದ್ದು ಮಾಡುವಂತಿಲ್ಲ. ಆಮೇಲೂ ಖಾತೆಯಲ್ಲಿ 20 ರೂಪಾಯಿ ಇದ್ದರೆ ಅದನ್ನು ಕಳೆದುಕೊಂಡು ಇನ್ನೂ 30 ದಿನ ಉಳಿಸಬೇಕು. ಹೀಗಿರುವಾಗ, ಟ್ರಾಯ್‌ನಿಂದ ಮಾತಾಡುತ್ತಿದ್ದೇವೆ, ಎರಡು ಗಂಟೆಯಲ್ಲಿ ನಿಮ್ಮ ನಂಬರ್ ಬಂದ್ ಎಂದು ಹೆದರಿಸುವ ಕರೆ ಬಂದರೆ ಅದು ಮೋಸವೇ. ಟ್ರಾಯ್ ಯಾರಿಗೂ ಹಾಗೆ ಕರೆ ಮಾಡುವುದಿಲ್ಲ. ಹಣ ಹೋಗಿದ್ದರೆ ತಕ್ಷಣ 1930ಕ್ಕೆ ಹೇಳಿ.

ತಪ್ಪು ಕಲ್ಪನೆ 6: ಟವರ್ ಬಂದಲ್ಲಿ ತೆಂಗಿನ ಹೀಚು ಉದುರುತ್ತದೆ, ಹಾಗಾಗಿ ಊರ ಹತ್ತಿರ ಟವರ್ ಬೇಡ.

ವಾಸ್ತವ: ತೆಂಗು ನಂಬಿ ಬದುಕುವ ಸೀಮೆಯಲ್ಲಿ ಈ ಭಯ ಹಗುರವಾದದ್ದಲ್ಲ. ಆದರೆ ಕಾಯಿ ಹಾಳುಮಾಡಿದ ನುಸಿ ಪೀಡೆ ಕೇರಳದ ಎರ್ನಾಕುಲಂನಲ್ಲಿ ಕಂಡದ್ದು 1998ರಲ್ಲಿ. ಆಗ ನಮ್ಮ ಹಳ್ಳಿಗಳಲ್ಲಿ ಮೊಬೈಲ್ ಟವರ್ ಇರಲಿಲ್ಲ. ಸುರುಳಿ ಬಿಳಿನೊಣ ಪೊಳ್ಳಾಚಿಯಲ್ಲಿ ಕಂಡದ್ದು 2016ರಲ್ಲಿ. ಅದು ಕೀಟ, ತರಂಗವಲ್ಲ. ನೀರಿನ ಕೊರತೆ, ಬೋರಾನ್ ಕೊರತೆಯಿಂದಲೂ ಹೀಚು ಉದುರುತ್ತದೆ. ಮನುಷ್ಯರ ಆರೋಗ್ಯದ ಪ್ರಶ್ನೆ ಕೇಳಲೇಬೇಕಾದ್ದು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಘಟಕ 2011ರಲ್ಲಿ ಈ ತರಂಗಗಳನ್ನು, ಖಚಿತ ಪುರಾವೆಯಿಲ್ಲದಿದ್ದರೂ ಸಾಧ್ಯತೆ ತಳ್ಳಿಹಾಕಲಾಗದ ಗುಂಪಿಗೆ ಸೇರಿಸಿತು. ಮರುವರ್ಷ ಭಾರತ ಟವರ್ ವಿಕಿರಣದ ಮಿತಿಯನ್ನು ಅಂತರರಾಷ್ಟ್ರೀಯ ಮಿತಿಯ ಹತ್ತನೇ ಒಂದಕ್ಕೆ ಇಳಿಸಿತು. ಇನ್ನೊಂದು ಮಾತು: ಟವರ್ ದೂರವಿದ್ದಷ್ಟೂ, ಕಿವಿಗೆ ಒತ್ತಿ ಹಿಡಿದ ಫೋನೇ ಹೆಚ್ಚು ಶಕ್ತಿ ಹಾಕಿ ತರಂಗ ಬಿಡುತ್ತದೆ.

ತಪ್ಪು ಕಲ್ಪನೆ 7: ದೂರು ಕೊಟ್ಟು ಏನೂ ಆಗುವುದಿಲ್ಲ.

ವಾಸ್ತವ: ಅಂಗಡಿಯವನ ಮುಂದೆ ಬೈದರೆ ಏನೂ ಆಗುವುದಿಲ್ಲ, ನಿಜ. 198ಕ್ಕೆ ಕರೆ ಮಾಡಿ, ದೂರಿನ ಸಂಖ್ಯೆ ಕೇಳಿ ಬರೆದಿಟ್ಟುಕೊಳ್ಳಿ. ಕೇಳದ ಸೇವೆಗೆ ಹಣ ಕಡಿತವಾಗಿದ್ದರೆ 155223ಕ್ಕೆ ಹೇಳಿ ನಿಲ್ಲಿಸಿ. ಉತ್ತರ ಸರಿಬರದಿದ್ದರೆ 30 ದಿನದೊಳಗೆ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಹೋಗಬಹುದು. ಅಲ್ಲಿ 39 ದಿನದಲ್ಲಿ ತೀರ್ಮಾನ ಆಗಬೇಕು. ಎರಡಕ್ಕೂ ದುಡ್ಡಿಲ್ಲ. ಟೆಲಿಕಾಂ ಕಂಪನಿಯ ಮೇಲೆ ಗ್ರಾಹಕರ ಆಯೋಗಕ್ಕೂ ಹೋಗಬಹುದು ಎಂದು 2022ರ ಫೆಬ್ರುವರಿ 16ರಂದು ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿದೆ. ನಮಗೆ ಆ ಆಯೋಗ ಚಿಕ್ಕಮಗಳೂರಿನಲ್ಲೇ ಇದೆ.

ಇವೆಲ್ಲ ಗೊತ್ತಿಲ್ಲದೆ ನಾವು ಎರಡು ವರ್ಷ ಮಾಳಿಗೆ ಹತ್ತಿ ನಿಂತು ಮಾತಾಡಿದೆವು. ಮಳೆಗಾಲದಲ್ಲಿ ಕೊಡೆ ಹಿಡಿದು ಮಕ್ಕಳ ಕರೆಗೆ ಕಾದೆವು. ಬದಲಿಸಿದಾಗ ತಗುಲಿದ್ದು ಒಂದು ಮೆಸೇಜು ಮತ್ತು ಮೂರು ದಿನ.