ಹಳದಿ ಪೆಟ್ಟಿಗೆಯೊಳಗಿನ 55 ವೋಲ್ಟ್

ಮಂಗಳೂರಿನ ಮಳೆಗಾಲದಲ್ಲಿ ಕಟ್ಟುತ್ತಿರುವ ಬೇಸ್‌ಮೆಂಟ್ ಎಂದರೆ ಅರ್ಧ ಕೆರೆ. ಪಂಪು ಎಷ್ಟು ಎಳೆದರೂ ಕಾಲಡಿಯಲ್ಲಿ ನೀರು, ಸುತ್ತಲೂ ಕಂಬಿ, ತಲೆಯ ಮೇಲೆ ಸೆಂಟ್ರಿಂಗ್ ಶೀಟು. ಹಗಲು ಹನ್ನೊಂದಕ್ಕೂ ಲೈಟು ಬೇಕು. ಅಂಥದ್ದೊಂದು ಸೈಟಿನಲ್ಲಿ ಈಚೆಗೆ ಕಣ್ಣಿಗೆ ಬಿದ್ದದ್ದು ನಮ್ಮ ಕಡೆ ಅಪರೂಪದ ವಸ್ತು: ಹಿಡಿಕೆಯಿರುವ ಹಳದಿ ಪೆಟ್ಟಿಗೆ, ಅದರ ಮುಖದಲ್ಲಿ ಎರಡು ದುಂಡನೆಯ ಹಳದಿ ಸಾಕೆಟ್. ಎತ್ತಿದರೆ ಭುಜ ಜಗ್ಗುವಷ್ಟು ಭಾರ. ದುಬೈಯಲ್ಲಿ ದುಡಿದು ಊರಿಗೆ ಮರಳಿದ ಎಲೆಕ್ಟ್ರಿಷಿಯನ್ ಅದರ ಒಡೆಯ. "ಅಲ್ಲಿ ನಮ್ಮ ಸೈಟಲ್ಲಿ ಇದಿಲ್ಲದೆ ಒಂದು ಲೈಟೂ ಉರಿಸ್ಲಿಕ್ಕೆ ಬಿಡ್ತಿರ್ಲಿಲ್ಲ ಮಾರಾಯ್ರೆ" ಎಂದು ಅವರು ಅದರ ಬೆನ್ನು ತಟ್ಟಿದರು.

ಒಳಗಿರುವುದು ಟ್ರಾನ್ಸ್‌ಫಾರ್ಮರ್. 230 ವೋಲ್ಟ್ ಒಳಗೆ ಹೋಗಿ 110 ಆಗಿ ಹೊರಬರುತ್ತದೆ. ಜಾಣತನ ಇರುವುದು ಇಲ್ಲಲ್ಲ, ಹೊರಬರುವ ಸುರುಳಿಯ ನಟ್ಟನಡುವೆ ಕೊಟ್ಟ ಅರ್ಥಿಂಗ್‌ನಲ್ಲಿ. ಅದರಿಂದಾಗಿ ಎರಡು ತಂತಿಗಳಲ್ಲಿ ಯಾವುದನ್ನು ಮುಟ್ಟಿದರೂ ನೆಲಕ್ಕೂ ಅದಕ್ಕೂ ನಡುವೆ ಇರುವುದು 55 ವೋಲ್ಟ್ ಮಾತ್ರ. ಎರಡನ್ನೂ ಒಟ್ಟಿಗೆ ಹಿಡಿದರಷ್ಟೇ ಪೂರ್ತಿ 110. ಬ್ರಿಟನ್ನಿನ ಸೈಟುಗಳಲ್ಲಿ ಇದು ದಶಕಗಳ ರೂಢಿ. ಅಲ್ಲಿ 110ಕ್ಕೆ ಹಳದಿ ಪ್ಲಗ್ಗು, 230ಕ್ಕೆ ನೀಲಿ, 400ಕ್ಕೆ ಕೆಂಪು. ಅರ್ಥ್ ಪಿನ್ನಿನ ಜಾಗವೇ ಬೇರೆಯಾದ್ದರಿಂದ ಹಳದಿಯನ್ನು ನೀಲಿಗೆ ತುರುಕಲಾಗದು.

ತುರುಕಲಾಗದ ಪ್ಲಗ್ಗು! ನಮ್ಮಲ್ಲಿ ಪ್ಲಗ್ಗೇ ಇರುವುದಿಲ್ಲ. ವೈರಿನ ತುದಿ ಸುಲಿದು ಸಾಕೆಟ್ಟಿಗೆ ಇಟ್ಟು, ಅಲುಗದಂತೆ ಎರಡು ಬೆಂಕಿಕಡ್ಡಿ ಸಿಗಿಸಿದರೆ ಕನೆಕ್ಷನ್ ಆಯಿತು. ಮೂರನೇ ತೂತು, ಅರ್ಥಿನದು, ಖಾಲಿ. ಆ ವೈರು ನೀರಿನಲ್ಲಿ ಮುಳುಗಿ, ಕಂಬಿಯ ಮೇಲೆ ಉಜ್ಜಿ, ಟೇಪು ಸುತ್ತಿದ ಜಾಯಿಂಟುಗಳನ್ನು ದಾಟಿ ಹಾಲೋಜನ್ ದೀಪಕ್ಕೆ ಹೋಗುತ್ತದೆ. ಕೆಲಸ ಮುಂದೆ ಸರಿದಂತೆ ಆ ದೀಪವನ್ನು ಒದ್ದೆ ಕೈಯಲ್ಲೇ ಎತ್ತಿ ಸರಿಸುವವರು ಎಲೆಕ್ಟ್ರಿಷಿಯನ್ ಅಲ್ಲ, ಅಲ್ಲಿ ಹತ್ತಿರ ನಿಂತ ಯಾರೋ ಒಬ್ಬರು.

"ಎಂಸಿಬಿ ಇದೆಯಲ್ಲ, ಟ್ರಿಪ್ ಆಗ್ತದೆ" ಎಂಬುದು ಮೇಸ್ತ್ರಿಗಳ ಸಿದ್ಧ ಉತ್ತರ. ಆಗುವುದಿಲ್ಲ. ಒದ್ದೆ ಮೈಯ ಪ್ರತಿರೋಧ ಸಾವಿರ ಓಮ್ ಎಂದಿಟ್ಟುಕೊಂಡರೆ 230 ವೋಲ್ಟ್‌ಗೆ ಹರಿಯುವುದು ಕಾಲು ಆಂಪಿಯರ್‌ಗೂ ಕಡಿಮೆ. 6 ಆಂಪಿಯರ್‌ನ ಎಂಸಿಬಿಗೆ ಅದು ಸಣ್ಣದೊಂದು ಬಲ್ಬು ಉರಿದಂತೆ. ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದ ಚಾರ್ಲ್ಸ್ ಡಾಲ್ಜಿಯೆಲ್ ಸ್ವಯಂಸೇವಕರ ಕೈಗೆ ತಂತಿ ಕೊಟ್ಟು, ಕರೆಂಟು ಎಷ್ಟಾದಾಗ ಅದನ್ನು ಬಿಡಲಾಗದಂತೆ ಸ್ನಾಯು ಸೆಟೆಯುತ್ತದೆ ಎಂದು ಅಳೆದವರು. ಗಂಡಸರಲ್ಲಿ ಸರಾಸರಿ 16 ಮಿಲಿಆಂಪಿಯರ್, ಹೆಂಗಸರಲ್ಲಿ 10.5. ಇಂದು ಇಂಥ ಪ್ರಯೋಗಕ್ಕೆ ಯಾರೂ ಸಹಿ ಹಾಕಲಾರರು! ಸೋರುವ ಕರೆಂಟನ್ನು ಗುರುತಿಸಿ ಸಪ್ಲೈ ಕಡಿಯುವ ಸಾಧನವೊಂದನ್ನು 1961ರಲ್ಲಿ ರೂಪಿಸಿದ್ದೂ ಅವರೇ. ನಮ್ಮ 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ ಅದೇ ಜಾತಿಯದು. ಸೋರಿಕೆ ಐದು ಪಟ್ಟಾದರೆ 40 ಮಿಲಿಸೆಕೆಂಡಿನೊಳಗೆ ಕೆಳಗೆ ಬೀಳಬೇಕು. ಅದರ ಟೆಸ್ಟ್ ಬಟನ್ ಒತ್ತಿ ನೋಡುವವರು ಕಡಿಮೆ. ಸದಾ ಟ್ರಿಪ್ ಆಗುತ್ತದೆಂದು ಬೈಪಾಸ್ ಮಾಡುವವರು ಧಾರಾಳ.

ಹಾಲೋಜನ್‌ದು ಇನ್ನೊಂದು ತಾಪತ್ರಯ. 500 ವ್ಯಾಟ್‌ನ ದೀಪ ಟಾರ್ಪಾಲಿಗೋ ಪ್ಲೈವುಡ್ಡಿಗೋ ತಾಗಿದರೆ ಬೆಂಕಿ. ಅಷ್ಟೇ ಬೆಳಕು ಕೊಡುವ 100 ವ್ಯಾಟ್‌ನ ಎಲ್‌ಇಡಿ ಅಷ್ಟು ಕಾಯುವುದಿಲ್ಲ. ಆದರೆ ನೆಲದ ಮೇಲಿಟ್ಟರೆ ಎದುರು ಬರುವವರ ಕಣ್ಣು ಕುಕ್ಕುತ್ತದೆ, ದೀಪಕ್ಕೆ ಬೆನ್ನು ಹಾಕಿ ನಡೆಯುವವರ ನೆರಳೇ ಮುಂದಿನ ಗುಂಡಿಯನ್ನು ಮುಚ್ಚುತ್ತದೆ. ಎತ್ತರದ ಸ್ಟ್ಯಾಂಡು ಬೇಕು.

ಟ್ಯಾಂಕು, ಪೈಪು, ಗುಂಡಿಯಂಥ ಇಕ್ಕಟ್ಟಿನ ಜಾಗಕ್ಕೆ ತಕ್ಕ ರಕ್ಷಣೆಯಿಲ್ಲದೆ 24 ವೋಲ್ಟ್ ಮೀರಿದ ಕೈದೀಪ ಒಯ್ಯಕೂಡದೆಂದು 1948ರ ಕಾರ್ಖಾನೆ ಕಾಯ್ದೆಯ 36ಎ ಕಲಮು ಹೇಳಿತ್ತು. ನಮ್ಮಲ್ಲೂ ಈ ತಿಳಿವಳಿಕೆ ಹೊಸದಲ್ಲ ಎಂದಾಯಿತು.

ಹಳದಿ ಪೆಟ್ಟಿಗೆ ಇಲ್ಲಿ ಯಾಕೆ ಹಬ್ಬಿಲ್ಲ? ಡ್ರಿಲ್, ಕಟ್ಟರ್, ವೈಬ್ರೇಟರ್ ಎಲ್ಲ ಅಂಗಡಿಯಲ್ಲಿ ಸಿಗುವುದು 230ಕ್ಕೇ ಎಂಬುದು ಒಪ್ಪತಕ್ಕ ಕಾರಣ. ದೀಪಕ್ಕೆ ಆ ನೆಪ ನಡೆಯದು: 100ರಿಂದ 240 ವೋಲ್ಟ್‌ವರೆಗೆ ಯಾವುದಕ್ಕೂ ಒಗ್ಗುವ ಎಲ್‌ಇಡಿಗಳು ಬೇಕಾದಷ್ಟಿವೆ. ಆ ಎಲೆಕ್ಟ್ರಿಷಿಯನ್ ಮಾಡಿದ್ದೂ ಅದನ್ನೇ. ಬೇಸ್‌ಮೆಂಟಿನ ದೀಪಗಳಷ್ಟೇ ಹಳದಿ ಪೆಟ್ಟಿಗೆಯಿಂದ, ಮಷೀನುಗಳೆಲ್ಲ ಆರ್‌ಸಿಸಿಬಿ ಹಿಂದೆ. ಮೆಟ್ಟಿಲಿನ ಎರಡು ದೀಪಗಳಿಗೆ ಮಾತ್ರ ಬ್ಯಾಟರಿ ಇತ್ತು. ಮಳೆಗೆ ಕರೆಂಟು ಹೋದರೆ ಕೆಳಗಿದ್ದವರು ಹತ್ತಿ ಬರಬೇಕಲ್ಲ.