ಹೀರಿ ಹಿಡಿಯುವ ಮುರುಮೀನು

ಮುರುಡೇಶ್ವರದ ದಡದಿಂದ ಸುಮಾರು 19 ಕಿಲೊಮೀಟರ್ ದೂರದಲ್ಲಿ, ಅರಬ್ಬೀ ಸಮುದ್ರದ ನಡುವೆ ನೇತ್ರಾಣಿ ದ್ವೀಪವಿದೆ. ಅದರ ಸುತ್ತಲಿನ ಬಂಡೆ, ಹವಳಗಳ ಸಂದುಗಳಲ್ಲಿ ಬದುಕುವ ಬೇಟೆಗಾರ ಮೀನುಗಳಲ್ಲಿ ಗ್ರೂಪರ್ ಒಂದು. ಕರಾವಳಿಯವರಿಗೆ ಇದು ಮುರುಮೀನು. ದಪ್ಪ ದೇಹ, ಅಗಲವಾದ ಬಾಯಿ, ಬಂಡೆಯೊಡನೆ ಬೆರೆತುಹೋಗುವ ಚುಕ್ಕೆಗಳು. ಇದು ಬೇಟೆಯನ್ನು ಬಹುದೂರ ಅಟ್ಟಿಸಿಕೊಂಡು ಹೋಗುವುದು ಅಪರೂಪ. ತಳದಲ್ಲಿ ಅಲುಗಾಡದೆ ಕಾದಿದ್ದು, ಹತ್ತಿರ ಸುಳಿದ ಮೀನು, ಏಡಿಗಳನ್ನು ಇಡಿಯಾಗಿ ನುಂಗುತ್ತದೆ. ಏಕೆ ಹೀಗೆ? ಉತ್ತರ ಭೌತವಿಜ್ಞಾನದಲ್ಲಿದೆ.

ಮುರುಮೀನು ದವಡೆಯನ್ನು ಮುಂದಕ್ಕೆ ಚಾಚಿ ಬಾಯಿಯನ್ನು ಥಟ್ಟನೆ ಹಿಗ್ಗಿಸುತ್ತದೆ. ಬಾಯೊಳಗಿನ ಗಾತ್ರ ಹೆಚ್ಚಿದಂತೆ ಒತ್ತಡ ಕುಸಿಯುತ್ತದೆ. ಹೊರಗಿನ ನೀರು ಒಳನುಗ್ಗುವಾಗ ಬೇಟೆಯೂ ಅದರೊಡನೆ ಬರುತ್ತದೆ. ಒತ್ತಡ 10,000 ಪಾಸ್ಕಲ್, ಅಂದರೆ ವಾಯುಮಂಡಲದ ಒತ್ತಡದ ಸುಮಾರು ಹತ್ತನೆಯ ಒಂದು ಭಾಗದಷ್ಟು ಇಳಿಯಿತೆನ್ನಿ. ಬರ್ನೌಲಿ ತತ್ತ್ವದಂತೆ ನೀರಿನ ವೇಗದ ವರ್ಗ = 2 × 10,000 ÷ 1,000 = 20. ಆದ್ದರಿಂದ ವೇಗ ಸೆಕೆಂಡಿಗೆ ಸುಮಾರು 4.5 ಮೀಟರ್! ಇದು ಸ್ಥೂಲ ಲೆಕ್ಕವಾದರೂ ಹೀರುವಿಕೆಯ ಬಲವನ್ನು ತಿಳಿಸುತ್ತದೆ.

ಆದರೆ ಈ ಬಲಕ್ಕೊಂದು ಮಿತಿಯಿದೆ. ನೀರು ಬಾಯಿಯತ್ತ ಒಂದೇ ದಿಕ್ಕಿನಿಂದಲ್ಲ, ಸುತ್ತಲಿಂದಲೂ ಹರಿದುಬರುತ್ತದೆ. ಬಾಯಿಯಿಂದ ದೂರ ಇಮ್ಮಡಿಯಾದರೆ ವೇಗ ಸುಮಾರು ಕಾಲು ಭಾಗಕ್ಕೆ ಇಳಿಯುತ್ತದೆ. ಆದ್ದರಿಂದ ಬೇಟೆ ಬಾಯಿಯ ಬಳಿಗೇ ಬರಬೇಕು. ಮರೆಮಾಚುವ ಬಣ್ಣ, ತಾಳ್ಮೆಯ ಕಾಯುವಿಕೆ, ಕೊನೆಗೊಂದು ಪುಟ್ಟ ನೆಗೆತ, ಎಲ್ಲವೂ ಇದಕ್ಕಾಗಿಯೇ.

ತರಗತಿಯಲ್ಲಿ ಇದನ್ನು ತೋರಿಸಬಹುದು. ಮೇಜಿನ ಮೇಲೆ ಕಾಗದದ ಚೂರುಗಳನ್ನು ಹರಡಿ. ಸ್ಟ್ರಾ ಮೂಲಕ ಊದಿದರೆ ಒಂದು ಗೇಣು ದೂರದ ಚೂರುಗಳೂ ಹಾರುತ್ತವೆ. ಅದೇ ಸ್ಟ್ರಾದಿಂದ ಹೀರಿದರೆ ತುದಿಗೆ ಅಂಟಿದಂತಿರುವ ಚೂರು ಮಾತ್ರ ಕದಲುತ್ತದೆ. ಬೆಂಗಳೂರಿನ ವಿದ್ಯಾರ್ಥಿಗಳು ರಸೆಲ್ ಮಾರುಕಟ್ಟೆಗೆ ಹೋದಾಗ ಮೀನಿನ ಬಾಯಿಯನ್ನು ಮೆಲ್ಲಗೆ ತೆರೆದು ನೋಡಿ. ಹಲವು ಮೀನುಗಳ ದವಡೆ ಕೊಳವೆಯಂತೆ ಮುಂದೆ ಚಾಚುವುದು ಕಾಣುತ್ತದೆ.

ಇನ್ನೊಂದು ಸಂಗತಿ. ಮುರುಮೀನಿನ ಅನೇಕ ಪ್ರಭೇದಗಳು ಮೊದಲು ಹೆಣ್ಣಾಗಿ ಬೆಳೆದು, ದೊಡ್ಡದಾದ ಮೇಲೆ ಗಂಡಾಗುತ್ತವೆ. ದೊಡ್ಡ ಮೀನಿಗೆ ಹೆಚ್ಚು ಬೆಲೆಯೆಂದು ಅವನ್ನೇ ಆರಿಸಿ ಹಿಡಿದರೆ ಗಂಡುಗಳೇ ಇಲ್ಲವಾಗುತ್ತವೆ. ಚಿಕ್ಕವನ್ನು ಹಿಡಿದರೆ ಮೊಟ್ಟೆಯಿಡುವ ಹೆಣ್ಣುಗಳು ಕಡಿಮೆಯಾಗುತ್ತವೆ. ಎರಡೂ ವಯಸ್ಸಿನ ಮೀನುಗಳು ಉಳಿದರೆ ಮಾತ್ರ ಸಂತತಿ ಮುಂದುವರಿದೀತು. ಹವಳದ ಸಂದಿನಲ್ಲಿ ಕಾದು ಕುಳಿತ ಈ ಬೇಟೆಗಾರನಿಗೆ ನಮ್ಮ ಬಲೆ, ಗಾಳಗಳಿಂದ ಅಡಗಿಕೊಳ್ಳುವ ಉಪಾಯ ಗೊತ್ತಿಲ್ಲ. ಎಷ್ಟು ಹಿಡಿಯಬೇಕು, ಎಷ್ಟು ಬಿಡಬೇಕು ಎಂಬ ಲೆಕ್ಕವನ್ನು ನಾವೇ ಮಾಡಬೇಕು.