ಘಂಟೆ ಹೋಯಿತು, ಮಣ್ಣು ಉಳಿಯಿತು

ಕಂಚಿಗೆ ಗಿರಾಕಿ ಇಲ್ಲದ ಕಾಲವೇ ಇರಲಿಲ್ಲ. ಬಿರುಕು ಬಿಟ್ಟ ಘಂಟೆ, ತೂತಾದ ಹಂಡೆ, ಅಚ್ಚಿನಿಂದ ಸೋರಿ ಹೆಪ್ಪುಗಟ್ಟಿದ ಚೂರು ಎಲ್ಲವೂ ಮತ್ತೆ ಕುಲುಮೆ ಸೇರುತ್ತಿದ್ದವು. ಹಾಗಾಗಿ ಹಳೆಯ ಎರಕದ ಜಾಗಗಳನ್ನು ಅಗೆದವರಿಗೆ ಲೋಹ ಸಿಗುವುದು ಕಡಿಮೆ. ರಾಶಿಗಟ್ಟಲೆ ಸಿಗುವುದು ಸುಟ್ಟ ಮಣ್ಣು.

ಇಂಗ್ಲೆಂಡಿನ ಎಕ್ಸೆಟರ್ ಪಟ್ಟಣದ ಮರ್ಮೇಡ್ ಯಾರ್ಡ್‌ನಲ್ಲಿ 1970ರ ದಶಕದ ಕೊನೆಗೆ ಅಗೆದಾಗಲೂ ಆದದ್ದು ಇದೇ. 16ನೇ ಶತಮಾನದಲ್ಲಿ ಅಲ್ಲಿ ಕಂಚಿನ ಎರಕ ನಡೆಯುತ್ತಿತ್ತು. ಸಿಕ್ಕ ಅಚ್ಚಿನ ಒಡಕಲುಗಳಲ್ಲಿ ಘಂಟೆಯವು ಮಾತ್ರವಲ್ಲ, ಒಲೆಯ ಮೇಲಿಡುವ ಮೂರು ಕಾಲಿನ ಹಂಡೆಗಳವೂ ಇದ್ದವು. ಊರಿನ ಚರ್ಚಿಗೆ ಒಮ್ಮೆ ಘಂಟೆ ಎರೆದುಕೊಟ್ಟರೆ ಎರಡು ಮೂರು ತಲೆಮಾರು ಅತ್ತಲಿಂದ ಕರೆ ಬರುವುದಿಲ್ಲ. ಎರಕದವನ ಮನೆಯ ಒಲೆ ಉರಿದದ್ದು ಹಂಡೆಯಿಂದಲೇ ಇರಬೇಕು.

ಆ ಒಡಕಲನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಕಾದ ಕಂಚು ತಾಗಿದ ಒಳಮೈ ನಯವಾಗಿ, ಬೂದು ಬಣ್ಣಕ್ಕೆ ತಿರುಗಿರುತ್ತದೆ. ಹೊರಮೈ ಒರಟು, ಕೆಂಪು. ಮಣ್ಣಿನಲ್ಲಿ ಕುದುರೆ ಲದ್ದಿ, ಕೂದಲು ಸುಟ್ಟುಹೋದ ಸಣ್ಣ ಸಣ್ಣ ತೂತು. ಇಟಲಿಯ ಬಿರಿಂಗುಚ್ಚೊ ಬರೆದ, ಅವನು ಸತ್ತ ಮೇಲೆ 1540ರಲ್ಲಿ ವೆನಿಸ್‌ನಲ್ಲಿ ಮುದ್ರಣವಾದ ‘ಪಿರೋಟೆಕ್ನಿಯಾ’ದಲ್ಲೂ ಮಣ್ಣಿಗೆ ಉಣ್ಣೆಯ ಚೂರು ಬೆರೆಸುವ ಮಾತಿದೆ. ಅವು ಸುಟ್ಟು ಬಿಟ್ಟ ತೂತುಗಳಿಂದಲೇ ಆವಿ ಹೊರಹೋಗಬೇಕು. ಅಚ್ಚಿನಲ್ಲಿ ತೇವ ಉಳಿದಿದ್ದರೆ ಎರಕ ಹೊಯ್ದಾಗ ಸಿಡಿದು ಪ್ರಾಣಕ್ಕೇ ಸಂಚಕಾರ. ಒಳಅಚ್ಚನ್ನು ಪೊಳ್ಳಾಗಿ ಕಟ್ಟಿ, ಅದರೊಳಗೆ ಬೆಂಕಿ ಹಾಕಿ ಒಣಗಿಸುತ್ತಿದ್ದರು. ಅಚ್ಚು ನಿಲ್ಲಿಸುತ್ತಿದ್ದ ಹೊಂಡದ ತಳದಲ್ಲಿ ಸಿಗುವ ಕರಕಲು ಕಾಲುವೆ ಆ ಬೆಂಕಿಯ ಗುರುತು. ಬಳಿಕ ಅಚ್ಚಿನ ಸುತ್ತ ಮಣ್ಣು ತುಂಬಿ ಗಟ್ಟಿಯಾಗಿ ಅದುಮಿ, ಸುಮಾರು ನಾಲ್ಕು ಪಾಲು ತಾಮ್ರಕ್ಕೆ ಒಂದು ಪಾಲು ತವರ ಬೆರೆತ ರಸ ಹೊಯ್ಯಬೇಕು. ಘಂಟೆ ಆಚೆ ಬರಬೇಕಾದರೆ ಅಚ್ಚು ಒಡೆಯಲೇಬೇಕು. ಒಡಕಲಿನ ಬಾಗು ನೋಡಿ ಘಂಟೆಯ ಬಾಯಿ ಎಷ್ಟಗಲ ಇತ್ತೆಂದು ಇವತ್ತಿಗೂ ಲೆಕ್ಕ ಹಾಕಬಹುದು. ಕೆಲವು ಚೂರುಗಳಲ್ಲಿ ಬರಹದ ಅಕ್ಷರಗಳು ತಿರುವುಮುರುವಾಗಿ ಉಳಿದಿರುತ್ತವೆ.

ಭಾರದ ಘಂಟೆಯನ್ನು ಹದಗೆಟ್ಟ ದಾರಿಯಲ್ಲಿ ಸಾಗಿಸುವ ಬದಲು ಎರಕದವನೇ ಊರಿಗೆ ಬರುವುದೂ ಇತ್ತು. ಎಷ್ಟೋ ಚರ್ಚುಗಳ ನೆಲದಡಿಯಲ್ಲೇ ಇಂಥ ಹೊಂಡಗಳು ಪತ್ತೆಯಾಗಿವೆ. ಆದರೆ ಹೀಗೆ ಎರೆದ ಘಂಟೆಗಳೆಲ್ಲ ಉಳಿಯಲಿಲ್ಲ. ಇಂಗ್ಲೆಂಡಿನ ದೊರೆ ಎಂಟನೇ ಹೆನ್ರಿ 1536ರಿಂದ ಮಠಗಳನ್ನು ಮುಚ್ಚಿಸಿದಾಗ ಅವುಗಳ ಎಷ್ಟೋ ಘಂಟೆಗಳು ಕರಗಿದವು. ಆ ಲೋಹದಲ್ಲಿ ಒಂದಷ್ಟು ಫಿರಂಗಿಯಾಯಿತು.

ಘಂಟೆಗೂ ಫಿರಂಗಿಗೂ ಇರುವ ಈ ನಂಟನ್ನು ನೋಡಲು ನಾವು ವಿಜಯಪುರಕ್ಕೆ ಹೋದರೆ ಸಾಕು. ಅಲ್ಲಿನ ಮಲಿಕ್-ಎ-ಮೈದಾನ್ ಫಿರಂಗಿ 1549ರಲ್ಲಿ ಅಹ್ಮದ್‌ನಗರದಲ್ಲಿ ಮುಹಮ್ಮದ್ ಬಿನ್ ಹಸನ್ ರೂಮಿ ಎರೆದದ್ದು. ತೂಕ ಸುಮಾರು 55 ಟನ್. ಅದರ ಮಿಶ್ರಲೋಹದಲ್ಲಿ ತವರ ಹೆಚ್ಚುಕಡಿಮೆ ಘಂಟೆಯಲ್ಲಿರುವಷ್ಟೇ ಇದೆ. ತಟ್ಟಿದರೆ ಘಂಟೆಯ ಹಾಗೇ ದನಿ ಕೊಡುತ್ತದೆ. ಅದೂ ಕುಲುಮೆಯ ಬಾಯಿಗೆ ಬೀಳುವುದರಲ್ಲಿತ್ತು. 1854ರಲ್ಲಿ ಬ್ರಿಟಿಷ್ ಆಡಳಿತ ಹರಾಜಿಗಿಟ್ಟಾಗ ಬಂದ ಬೇಡಿಕೆ ಬರೀ 150 ರೂಪಾಯಿ. ಇಷ್ಟು ಕಡಿಮೆಗೆ ಕೊಡುವುದೇ ಎಂದು ಹರಾಜನ್ನೇ ರದ್ದು ಮಾಡಿದರು.